ಅಳಿಸಿದ ಹನ್ನೆರಡನೆಯ ಹೆಸರು

ಅವರ ಬಲಗೈಯ ನಡುಬೆರಳು ಎಂದೂ ಸುಮ್ಮನಿರುತ್ತಿರಲಿಲ್ಲ. ಚಹಾದ ಲೋಟದ ಮೇಲೆ, ಮೇಜಿನ ಅಂಚಿನ ಮೇಲೆ, ಬಸ್ಸಿನ ಕಂಬಿಯ ಮೇಲೆ ಟಕ್, ಟಕ್‌ಟಕ್, ಟಕ್ ಎಂದು ಬಡಿಯುತ್ತಲೇ ಇರುತ್ತಿತ್ತು. ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ವರ್ಷಾನುಗಟ್ಟಲೆ ಮೋರ್ಸ್ ಕೀಲಿ ಒತ್ತಿದ ಬೆರಳು ಅದು. ತುದಿ ಚಪ್ಪಟೆಯಾಗಿತ್ತು, ಉಗುರು ಒಂದು ಕಡೆಗೆ ವಾಲಿತ್ತು. "ಯಾರಿಗೆ ಏನು ಕಳಿಸ್ತಾ ಇದ್ದೀರಿ ಸುಬೇದಾರ್ ಸಾಹೇಬ್ರೇ?" ಎಂದು ಕೇಳಿದರೆ, "ನಿಮ್ಮ ಮೇಲೇ ಕಂಪ್ಲೇಂಟು ಅಕ್ಕ, ಹೆಡ್‌ಕ್ವಾರ್ಟರ್ಸ್‌ಗೆ" ಎಂದು ಮೀಸೆಯೊಳಗೇ ನಗುತ್ತಿದ್ದರು.

ಅವರು ಕೊಡಗಿನವರು, ನಾನು ಮೈಸೂರಿನವಳು. ದೆಹಲಿಯ ಜನಕಪುರಿ ಮಾರ್ಕೆಟ್ಟಿನಲ್ಲಿ ಒಂದು ಮಿಠಾಯಿ ಅಂಗಡಿಯ ಮೇಲಿದ್ದ ನಮ್ಮ ಆಫೀಸಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ವರ್ಗವಾಗಿ ಹೋಗುವ ಫೌಜಿ ಕುಟುಂಬಗಳ ಮನೆಸಾಮಾನು ಕಟ್ಟಿ ಸಾಗಿಸುವುದು, ಗಂಡಸರು ಗಡಿಗೆ ಹೋದಾಗ ಆ ಸಾಮಾನನ್ನು ಗೋದಾಮಿನಲ್ಲಿ ಕಾಪಾಡಿಕೊಡುವುದು ನಮ್ಮ ಕಂಪೆನಿಯ ಕೆಲಸ. ಪತ್ರವ್ಯವಹಾರ ನನ್ನದು. ನನ್ನ ಇಂಗ್ಲಿಷು ಕಾನ್ವೆಂಟಿನ ನನ್‌ಗಳು ರೂಲರಿನಲ್ಲಿ ಗೆಣ್ಣಿಗೆ ಹೊಡೆದು ಕಲಿಸಿದ್ದು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು, ವೈ ಡಿನೈ ಇಟ್.

ಸುಬೇದಾರರ ಹುದ್ದೆಗೆ ಹೆಸರೇ ಇರಲಿಲ್ಲ. ಮೆಟ್ಟಿಲ ಪಕ್ಕದ ಕಿರುಕೋಣೆಯಲ್ಲಿ ಒಂದು ಕಂಪ್ಯೂಟರ್. ಇಡೀ ಆಫೀಸಿನ ಈಮೇಲು ಬಂದು ಇಳಿಯುತ್ತಿದ್ದದ್ದು ಅದೊಂದರಲ್ಲೇ. ಅವರು ಪ್ರತಿಯೊಂದನ್ನೂ ಓದಿ, ಪ್ರಿಂಟ್ ತೆಗೆದು, ಬಂದ ಗಳಿಗೆಯನ್ನು ಪೆನ್ನಿನಲ್ಲಿ ಬರೆದು, ಅವರವರ ಮೇಜಿಗೆ ತಂದುಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದರು. ಕಳಿಸಿದವರಿಗೆ ಕೂಡಲೇ ಒಂದು ಉತ್ತರ: RECEIVED. ಅವರು ಬರೆಯುತ್ತಿದ್ದದ್ದೆಲ್ಲ ಕ್ಯಾಪಿಟಲ್ ಅಕ್ಷರದಲ್ಲೇ. "ಹೀಗೆ ಬರೆದರೆ ಕಿರುಚಿದ ಹಾಗಾಗುತ್ತೆ, ಇಟ್ಸ್ ಬ್ಯಾಡ್ ಮ್ಯಾನರ್ಸ್" ಎಂದು ನಾನು ಒಮ್ಮೆ ತಿದ್ದಲು ಹೋದೆ.

"ಕಿರುಚಬೇಕು ಅಕ್ಕ," ಎಂದರು. "ಆ ಕಡೆ ಗಾಳಿ, ಮಂಜು, ಗುಂಡು. ಮೆಸೇಜು ಕಳಿಸಿದ ಮಾತ್ರಕ್ಕೆ ಹೋದ ಹಾಗಲ್ಲ. ಆ ಕಡೆಯವನು 'ಸಿಕ್ತು' ಅಂದಮೇಲೆ ಹೋದ ಹಾಗೆ. ಅಲ್ಲಿವರೆಗೆ ಅದು ನಮ್ಮ ತಲೆ ಮೇಲೇ ಇರುತ್ತೆ."

ಆಗ, ಫ್ರಾಂಕ್ಲಿ, ನನಗೆ ಕಿರಿಕಿರಿಯಾಗುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಸಹಿ! ನಾನು ಟಾಯ್ಲೆಟ್ಟಿಗೆ ಹೋಗಿದ್ದರೂ ಹೊರಗೆ ರಿಜಿಸ್ಟರ್ ಹಿಡಿದು ನಿಂತಿರುತ್ತಿದ್ದ ಮನುಷ್ಯ.

ಅವರನ್ನು ನಂಬಿ ಬರೆಯುತ್ತಿದ್ದವರಲ್ಲಿ ಬೆಳಗಾವಿ ಕಡೆಯ ಒಬ್ಬ ಹುಡುಗಿ ಇದ್ದಳು. ಗಂಡ ಸೇನೆಯಲ್ಲಿ ನಾಯಕ್. ಅವನನ್ನು ಗಡಿಗೆ ಹಾಕಿದಾಗ ದೆಹಲಿಯ ಕ್ವಾರ್ಟರ್ಸ್ ಖಾಲಿ ಮಾಡಿ, ಸಾಮಾನನ್ನು ನಮ್ಮಲ್ಲಿಟ್ಟು, ಪುಟ್ಟ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಐದು ತಿಂಗಳಲ್ಲಿ ಅವನಿದ್ದ ಟ್ರಕ್ಕು ಕಣಿವೆಗೆ ಉರುಳಿತು. ಆಮೇಲೆ ಆ ಸಾಮಾನನ್ನು ಬಿಚ್ಚಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಫೋನಿನಲ್ಲಿ ಅಳುತ್ತಿದ್ದವಳಿಗೆ ಸುಬೇದಾರರು, "ಅವಸರ ಇಲ್ಲಮ್ಮ. ನಿನಗೆ ಯಾವಾಗ ಆಗುತ್ತೋ ಆಗ ಬಾ. ಅಲ್ಲಿತನಕ ನಾನಿದ್ದೇನೆ" ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ತಿಂಗಳಿಗೊಮ್ಮೆ ಅವಳು ಪೇಟೆಯ ಸೈಬರ್ ಕೆಫೆಗೆ ಹೋಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದಳು: ಸರ್, ನಮ್ಮ ಸಾಮಾನ ಐತಿ ಅಲ್ರಿ? ಇವರ ಉತ್ತರ: AITI AMMA.

ಕಟ್ಟಿದ ಸಾಮಾನಿನ ಪಟ್ಟಿಯಲ್ಲಿ ಎರಡು ಟ್ರಂಕು, ಒಂದು ಮಂಚ, ಹೊಲಿಗೆ ಯಂತ್ರ, ಕೊನೆಗೆ 'ಮರದ ಪಟ್ಟಿ ಒಂದು' ಎಂದಿತ್ತು. ಆ ಮರದ ಪಟ್ಟಿ ಏನೆಂದು ಸುಬೇದಾರರೇ ನನಗೆ ಹೇಳಿದ್ದು. ಮಗಳು ನಿಲ್ಲುವುದನ್ನು ಕಲಿತ ದಿನದಿಂದ ಅವಳಪ್ಪ ಬಾಗಿಲ ಚೌಕಟ್ಟಿನ ಮೇಲೆ ಅವಳ ಎತ್ತರವನ್ನು ಪೆನ್ಸಿಲಿನಲ್ಲಿ ಗೀಚಿ ತಾರೀಖು ಬರೆಯುತ್ತಿದ್ದನಂತೆ. ಕ್ವಾರ್ಟರ್ಸ್ ಬಿಡುವಾಗ ಆ ಪಟ್ಟಿಯನ್ನು ಮೊಳೆ ಕಿತ್ತು ತೆಗೆದು, ಅಲ್ಲಿ ಹೊಸದೊಂದು ಹೊಡೆದು ಬಂದಿದ್ದ. "ಸರ್ಕಾರಿ ಆಸ್ತಿ ಕದ್ದಿದ್ದಾನೆ ಕಳ್ಳ" ಎಂದು ಸುಬೇದಾರರು ಹೆಮ್ಮೆಯಿಂದ ಹೇಳಿ, ಅದಕ್ಕೆ ತಾವೇ ನಿಂತು ಎರಡು ಸುತ್ತು ಗೋಣಿ ಹೊಲಿಸಿದ್ದರು.

ಇಷ್ಟರಲ್ಲಿ ಕಂಪೆನಿಯ ಮಾಲೀಕರಾದ ದೊಡ್ಡ ಸಾಹೇಬರಿಗೆ ಪಾರ್ಶ್ವವಾಯು ಹೊಡೆದು, ಗುರ್ಗಾಂವಿನಿಂದ ಅವರ ಅಳಿಯ ಬಂದು ಕುರ್ಚಿಯಲ್ಲಿ ಕೂತ. ಮೆಟ್ರೊ ಇನ್ನೂ ಗುರ್ಗಾಂವಿಗೆ ಹೋಗದ, ಊರೆಲ್ಲ ಅಗೆದು ಹಾಕಿದ್ದ ಕಾಲ. ದಿನವೂ ಎರಡು ಗಂಟೆ ಧೂಳು ಕುಡಿದು ಬರುತ್ತಿದ್ದವನಿಗೆ ನಮ್ಮ ಆಫೀಸಿನ ಕಾಗದ ಕಂಡರೆ ಮೈಯೆಲ್ಲ ಉರಿ. ಬಂದ ತಿಂಗಳಲ್ಲೇ ಘೋಷಿಸಿದ: ಮೇಲು, ಲೆಕ್ಕ, ಗೋದಾಮಿನ ಪಟ್ಟಿ, ಎಲ್ಲ ಕ್ಲೌಡಿಗೆ. ಕೋಣೆಯ ಕಂಪ್ಯೂಟರ್ ಬಂದ್. ಪ್ರತಿಯೊಬ್ಬರಿಗೂ ಅವರವರ ಮೇಲು, ಅವರವರ ಪಾಸ್‌ವರ್ಡ್. ಎಲ್ಲಿಂದ ಬೇಕಾದರೂ ನೋಡಬಹುದು.

ಕ್ಲೌಡ್! ಆ ಪದ ಕೇಳಿದರೆ ಇವತ್ತಿಗೂ ನನಗೆ ರಕ್ತ ಕುದಿಯುತ್ತದೆ. ತಪ್ಪು ಆ ತಂತ್ರಜ್ಞಾನದ್ದಲ್ಲ, ಅದು ನನಗೂ ಗೊತ್ತು. ಈಗ ಮೊಮ್ಮಗಳ ಫೋಟೊಗಳನ್ನು ನಾನೂ ಅದರಲ್ಲೇ ಇಟ್ಟಿದ್ದೇನೆ. ಆದರೆ ಆ ಪದ ಹೇಳುವಾಗ ಅವನು ಕೈಯನ್ನು ಮೇಲಕ್ಕೆ ಬೀಸುತ್ತಿದ್ದ ರೀತಿ ಇತ್ತಲ್ಲ, ಇನ್ನು ಮೇಲೆ ನೆಲದ ಮೇಲೆ ಯಾರೂ ಯಾವುದಕ್ಕೂ ಜವಾಬ್ದಾರರಲ್ಲ ಎನ್ನುವ ಹಾಗೆ!

ಯಾರ್ಯಾರಿಗೆ ಮೇಲು ಬೇಕು ಎಂಬ ಪಟ್ಟಿ ಮಾಡಲು ನನಗೇ ಹೇಳಿದ. ಹನ್ನೆರಡು ಹೆಸರು ಟೈಪ್ ಮಾಡಿ ತೋರಿಸಿದೆ. ಕೊನೆಯ ಹೆಸರಿನ ಮೇಲೆ ಬೆರಳಿಟ್ಟು ನಕ್ಕ.

"ಅರೇ ಆಂಟೀಜಿ, ಸುಬೇದಾರ್‌ಜಿ ಕೋ ಈಮೇಲ್ ಕಾ ಕ್ಯಾ ಕಾಮ್? ಅವರದು ಪ್ರಿಂಟ್ ತೆಗೆಯೋ ಕೆಲಸ, ಅದೇ ಇನ್ನಿಲ್ಲ. ಹೆಸರೊಂದಕ್ಕೆ ಇಷ್ಟು ಅಂತ ಚಾರ್ಜ್ ಇದೆ. ಹನ್ನೊಂದು ಸಾಕು, ಬಸ್."

"ಅವರಿಗೆ ಬರೋ ಮೇಲು?"

"ಆಟೊಮ್ಯಾಟಿಕ್ ನಿಮಗೆ ಬರತ್ತೆ. ಚಲೋ, ಫೈನಲ್ ಕರೋ."

ನಾನು ಬ್ಯಾಕ್‌ಸ್ಪೇಸ್ ಒತ್ತಿದೆ. ಅಕ್ಷರ ಅಕ್ಷರವಾಗಿ ಆ ಹೆಸರು ಹೋಯಿತು. ವಾದಿಸಲಿಲ್ಲ, ಮೇಲಿನವರೊಡನೆ ವಾದಿಸಬಾರದೆಂದು ಕಾನ್ವೆಂಟಿನಲ್ಲಿ ಕಲಿತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಾಳೆಯಿಂದ ಆ ರಿಜಿಸ್ಟರಿನಲ್ಲಿ ಸಹಿ ಹಾಕುವುದು ತಪ್ಪಿತಲ್ಲ ಎಂದು ಒಳಗೊಳಗೇ ಹಾಯೆನಿಸಿತ್ತು.

ಬದಲಾದ ದಿನ ಕೇಕ್ ಕತ್ತರಿಸಿದರು. ನೀಲಿ ಐಸಿಂಗಿನಲ್ಲಿ ಮೋಡದ ಚಿತ್ರ. ತಟ್ಟೆ ಸಾಲದೆ ಬಂದಾಗ ಯಾರೋ ಕಿರುಕೋಣೆಯಿಂದ ಹಳೆಯ ಪ್ರಿಂಟುಗಳ ಕಟ್ಟು ತಂದು ಅದರ ಮೇಲೇ ತುಂಡುಗಳನ್ನಿಟ್ಟು ಹಂಚಿದರು. ಸುಬೇದಾರರ ಪಾಲಿಗೆ ಬಂದ ಹಾಳೆಯಲ್ಲಿ ಅವರದೇ ಕೈಬರಹದ ಗಳಿಗೆ, ಅದರ ಮೇಲೆ ಜಿಡ್ಡು. ಅವರು ಕೇಕನ್ನು ಅಂಗೈಗೆ ತೆಗೆದುಕೊಂಡು, ಹಾಳೆಯನ್ನು ಕರವಸ್ತ್ರದಿಂದ ಒರೆಸಿ ಮಡಿಸಿ ಜೇಬಿಗಿಟ್ಟರು. ಎಲ್ಲರೂ ನಕ್ಕೆವು. ಯೆಸ್, ನಾನೂ.

ಮರುದಿನದಿಂದ ಅವರನ್ನು ಕೆಳಗೆ ರಿಸೆಪ್ಷನ್ನಿನಲ್ಲಿ ಕೂರಿಸಿದರು. ಎರಡು ದಿನ ನೋಡಿ ಮೇಲೆ ಬಂದರು.

"ಅಕ್ಕ, ನನ್ನ ಮೇಲು ಈಗ ಎಲ್ಲಿ ಇಳೀತಿದೆ?"

"ನನಗೇ ಬರುತ್ತೆ ಸಾಹೇಬ್ರೇ. ಬಂದಕೂಡಲೇ ಹೇಳ್ತೀನಿ."

"ಒಂದು ಕಳಿಸಿ ನೋಡಿದ್ರಾ? ಸಿಕ್ತಾ?"

"ಆಟೊಮ್ಯಾಟಿಕ್ ಅಂತೆ. ಎಲ್ಲದಕ್ಕೂ ನಿಮ್ಮ ಫೌಜು ಬೇಕಾ?" ಎಂದು ರೇಗಿದೆ. ಒಂದೇ ಒಂದು ಮೇಲು ಕಳಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಒಂದು ನಿಮಿಷದ ಕೆಲಸ. ನೋಡಲಿಲ್ಲ.

ಹೊಸ ಸಾಫ್ಟ್‌ವೇರ್ ಮಾಡಿದ ಮೊದಲ ದೊಡ್ಡ ಕೆಲಸವೆಂದರೆ ಗೋದಾಮಿನಲ್ಲಿ ಅವಧಿ ಮೀರಿದ ಸಾಮಾನನ್ನು ಹುಡುಕಿ, ತಾನಾಗಿಯೇ ನೋಟಿಸು ಕಳಿಸಿದ್ದು: ಒಂದು ತಿಂಗಳೊಳಗೆ ಉತ್ತರಿಸದಿದ್ದರೆ ಸಾಮಾನು ವಿಲೇವಾರಿ. ಹಿಂದೆ ಸುಬೇದಾರರು ಇಂಥ ನೋಟಿಸನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ಉತ್ತರ ಬಾರದಿದ್ದರೆ ರೆಜಿಮೆಂಟಿಗೇ ಫೋನು ಹಚ್ಚುತ್ತಿದ್ದರು. ಈಗ ಮೇಲು ಹೋಯಿತು, ಮುಗಿಯಿತು. ಆ ನೋಟಿಸಿನ ಒಕ್ಕಣೆ ಹಿಂದೆಂದೋ ನಾನೇ ಬರೆದದ್ದು. ಇಂಗ್ಲಿಷು ನಿರ್ದುಷ್ಟ, ಒಂದು ಕಾಮಾ ತಪ್ಪಿಲ್ಲ. ಕೊನೆಯ ಸಾಲಿನಲ್ಲಿ ಮಾತ್ರ, ಉತ್ತರವನ್ನು ಸುಬೇದಾರರ ವಿಳಾಸಕ್ಕೆ ಕಳುಹಿಸಿ ಎಂದು ಹಾಗೇ ಉಳಿದಿತ್ತು. ನಾವೇ ಅಳಿಸಿಹಾಕಿದ್ದ ವಿಳಾಸಕ್ಕೆ ಉತ್ತರ ಬರೆಯಿರಿ ಎಂದು ನಾವೇ ಊರಿಗೆಲ್ಲ ಹೇಳಿದ್ದೆವು.

ಬೆಳಗಾವಿಯ ಹುಡುಗಿ ನೋಟಿಸು ಓದಿ, ಅಲ್ಲೇ ಕೆಫೆಯಲ್ಲಿ ಕೂತು, ಬೇಸಿಗೆಗೆ ಬಂದು ಒಯ್ಯುತ್ತೇನೆ, ದಯಮಾಡಿ ಯಾರಿಗೂ ಕೊಡಬೇಡಿ ಎಂದು ಬರೆದು ಮನೆಗೆ ಹೋದಳು. ಆ ಮೇಲು ತಲುಪದೆ ಅವಳಿಗೇ ಹಿಂದಿರುಗಿದ್ದು ಅವಳ ಕಣ್ಣಿಗೆ ಬಿದ್ದದ್ದು ಮುಂದಿನ ಸಲ ಕೆಫೆಗೆ ಹೋದಾಗ. ಅಷ್ಟರಲ್ಲಿ ತಿಂಗಳು ದಾಟಿತ್ತು. ಅವಳು ಗಾಬರಿಯಿಂದ ಆಫೀಸಿಗೆ ಫೋನು ಮಾಡಿದಳು. ರಿಸೆಪ್ಷನ್ನಿನಲ್ಲಿ ಎತ್ತಿಕೊಂಡವರು ಸುಬೇದಾರರು.

ಅವರು ಮೆಟ್ಟಿಲು ಹತ್ತಿ ಬಂದು ನನ್ನ ಮೇಜಿನ ಮುಂದೆ ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅವಳು ಹೇಳಿದ್ದನ್ನು ಹಾಗೇ ಹೇಳಿದರು. ಗೋದಾಮಿಗೆ ಫೋನು ಮಾಡಿದೆವು. ಅವಳ ಸಾಮಾನು ಹಿಂದಿನ ವಾರವೇ ಗುಜರಿಯವನ ಲಾರಿ ಹತ್ತಿತ್ತು.

ನಾವಿಬ್ಬರೂ ಆಟೊ ಹಿಡಿದು ಮಾಯಾಪುರಿಯ ಗುಜರಿ ಬೀದಿಗೆ ಹೋದೆವು. ಕೊಯ್ದ ಕಾರುಗಳ, ಸುಟ್ಟ ರಬ್ಬರಿನ ನಡುವೆ ಸುಬೇದಾರರು ಅಂಗಡಿಯಿಂದ ಅಂಗಡಿಗೆ, "ಭಯ್ಯಾ, ಫೌಜಿ ಕಾ ಸಾಮಾನ್? ಕಾಲಾ ಟ್ರಂಕ್?" ಎಂದು ಕೇಳುತ್ತ ಹೋದರು. ನಾಲ್ಕನೆಯ ಅಂಗಡಿಯಲ್ಲಿ ಟ್ರಂಕುಗಳು ಸಿಕ್ಕವು, ಎರಡೂ ಖಾಲಿ. ಹೊಲಿಗೆ ಯಂತ್ರ ಮಾರಾಟವಾಗಿತ್ತು. ಯೂನಿಫಾರಂ ಚಿಂದಿಯವನಿಗೆ ಹೋಗಿತ್ತು. ಮರದ ಪಟ್ಟಿ? ಅಂಗಡಿಯವನು ಮೂಲೆಯ ಒಲೆಯ ಕಡೆ ಗದ್ದ ತೋರಿಸಿದ. "ಲಕಡೀ ಥೀ ಜೀ, ಬರೀ ಕಟ್ಟಿಗೆ. ಚಳಿ ಎಷ್ಟಿತ್ತು!" ಸುಬೇದಾರರು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬೂದಿಯನ್ನು ಕೈಯಿಂದ ಕೆದಕಿದರು. ಇಸ್ತ್ರಿ ಹಾಕಿದ ಬಿಳಿ ಅಂಗಿ ಮೊಣಕೈತನಕ ಕಪ್ಪಾಯಿತು. ನಾನು ಟ್ರಂಕುಗಳಿಗೆ ಅಂಗಡಿಯವನು ಕೇಳಿದಷ್ಟು ಎಣಿಸಿ ಕೊಟ್ಟೆ.

ಹಿಂದಿರುಗುವಾಗ ಆಟೊದಲ್ಲಿ ಒಂದೇ ಪ್ರಶ್ನೆ ಕೇಳಿದರು. "ಹೆಸರುಗಳ ಲಿಸ್ಟು ಮಾಡಿದ್ದು ಯಾರು ಅಕ್ಕ?"

"ಗುರ್ಗಾಂವಿನವರು," ಎಂದೆ.

ಅಳಿಯ ಮಹಾರಾಯ 'ವಿಷಾದಿಸುತ್ತೇವೆ' ಎಂಬ ಮೇಲು ಡ್ರಾಫ್ಟ್ ಮಾಡಲು ನನಗೆ ಹೇಳಿದ. ಸುಬೇದಾರರು ಬೇಡವೆಂದರು. ಕೆಟ್ಟ ಸುದ್ದಿಯನ್ನು ತಂತಿಯಲ್ಲಿ ಕಳಿಸಬಾರದು, ಆಳು ಹೋಗಬೇಕು ಎಂದು ರಜೆ ಹಾಕಿ, ಖಾಲಿ ಟ್ರಂಕುಗಳನ್ನು ಹೇರಿಸಿಕೊಂಡು, ಎರಡು ರಾತ್ರಿ ರೈಲಿನಲ್ಲಿ ಕೂತು ಬೆಳಗಾವಿಗೆ ಹೋದರು. ಬಂದಮೇಲೆ ಏನು ಹೇಳಿದಿರಿ ಎಂದು ಕೇಳಿದೆ.

"ನನ್ನ ತಪ್ಪು ಅಂದೆ. ಮೇಲು ಬಂದಿತ್ತು, ನಾನು ನೋಡಲಿಲ್ಲ ಅಂದೆ."

"ವಾಟ್ ನಾನ್ಸೆನ್ಸ್! ಯಾಕೆ ಹಾಗೆ ಹೇಳಿದ್ರಿ?"

"ಮತ್ತೇನು ಹೇಳಲಿ? ಕ್ಲೌಡಲ್ಲಿ ಹೋಯ್ತು ಅನ್ನಲಾ? ಆ ಹುಡುಗಿಗೆ ಬೈಯೋದಕ್ಕೆ ಒಂದು ಮುಖ ಬೇಕು ಅಕ್ಕ. ಅದೂ ಇಲ್ಲ ಅಂದ್ರೆ ಹುಚ್ಚು ಹಿಡಿಯುತ್ತೆ. ಬೈದಳು. ಊರವರ ಮುಂದೆ ಬೈದಳು, ಮಣ್ಣು ತೂರಿದಳು. ತೂರಲಿ."

ಆ ಮುಖ ಅವರ ಎದುರಿಗೇ, ಪೌಡರು ಹಚ್ಚಿಕೊಂಡು, ಚಷ್ಮಾ ಒರೆಸಿಕೊಳ್ಳುತ್ತ ಕೂತಿತ್ತು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಆ ತಿಂಗಳೇ ಅವರು ಕೆಲಸ ಬಿಟ್ಟರು. ಆಮೇಲೆ ಹೃದಯದ ತೊಂದರೆ, ಆಸ್ಪತ್ರೆ. ನಾಲ್ಕು ವರ್ಷವಾದಮೇಲೆ ಒಂದು ಮಧ್ಯಾಹ್ನ ಅವರು ಹೋದ ಸುದ್ದಿ ಬಂತು. ಹೋಗಿ ನೋಡಿದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಆ ಬೆಳಗಾವಿ ಹುಡುಗಿಗೆ ಪ್ರತಿ ದೀಪಾವಳಿಗೂ ಕಾಗದ ಬರೀತಿದ್ರು ಅಕ್ಕ. ಒಂದಕ್ಕೂ ಉತ್ತರ ಬರ್ಲಿಲ್ಲ. ಆ ಆಫೀಸಲ್ಲಿ ನೀವೊಬ್ರೇ ನೆಟ್ಟಗಿದ್ದವರು ಅಂತಿದ್ರು" ಎಂದರು. ಕೊಟ್ಟ ಕಾಫಿಯನ್ನು ನಾನು ಪೂರ್ತಿ ಕುಡಿದೆ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಹೊರಡುವ ಮುಂಚೆ ಆ ಹುಡುಗಿಯ ನಂಬರು ಕೇಳಿ ಬರೆದುಕೊಂಡೆ. ಮನೆಗೆ ಬಂದು, ಸೀರೆಯನ್ನೂ ಬದಲಿಸದೆ ಫೋನು ಮಾಡಿದೆ. ಸುಬೇದಾರರು ತೀರಿಕೊಂಡರು ಎಂದೆ. ಈಮೇಲಿನ ಪಟ್ಟಿಯಿಂದ ಅವರ ಹೆಸರು ತೆಗೆದದ್ದು ನಾನು, ನಿನ್ನ ಮೇಲು ಅವರಿಗೆ ಬರಲೇ ಇಲ್ಲ, ಬಂದಿತ್ತೆಂದು ಅವರು ಹೇಳಿದ್ದು ಸುಳ್ಳು ಎಂದೆ. ಮೊದಲೇ ಬರೆದಿಟ್ಟುಕೊಂಡು ಓದಿದವಳ ಹಾಗೆ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈದರೆ ಸಾಕೆಂದು ಕಾದೆ.

ಆ ಕಡೆ ಎಮ್ಮೆಯ ಕೂಗು, ಯಾರದೋ ಮನೆಯ ಟೀವಿ ಕೇಳಿಸುತ್ತಿತ್ತು. ಆಮೇಲೆ ಅವಳು, ತೀರ ಸಣ್ಣ ದನಿಯಲ್ಲಿ, "ಆ ಮನಷ್ಯಾಗ ನಾ ಅವತ್ತ ಅಷ್ಟೆಲ್ಲಾ ಅಂದ್ನೆಲ್ಲರಿ ಅಮ್ಮಾರ," ಎಂದಳು. "ಅವ್ರು ಇರೂತನಕ ಯಾಕ ಹೇಳ್ಲಿಲ್ಲರಿ? ಇನ್ನ ನಾ ಯಾರ ಮುಂದ ಹೋಗಿ ತಪ್ಪಾತು ಅನ್ಲಿ?"