ಸಿಹಿ ಮೊದಲೇ ಹಾಕಿದೆ

ನಮ್ಮ ಶಾಲೆಯ ಇಂಗ್ಲಿಷ್ ಮೇಡಂ ಊಟಿಗೆ ಹೋಗಿ ಬಂದವರು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಒಂದೊಂದು ನೀಲಗಿರಿ ಎಣ್ಣೆಯ ಸೀಸೆ ಹಂಚಿದರು. ನನಗೆ ಮಾತ್ರ ಒಂದು ಡಬ್ಬಿ. ಜಮಖಂಡಿಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ ಅನ್ನುವುದಕ್ಕಿಂತ ಚಹಾ ಕುಡಿಯುತ್ತೇನೆ ಅನ್ನುವುದೇ ಹೆಚ್ಚು ಜನಕ್ಕೆ ಗೊತ್ತು. ಡಬ್ಬಿಯಲ್ಲಿ ಆರು ಬಗೆಯ ಚಹಾ, ಬಗೆಗೆ ಎರಡರಂತೆ, ದಾರ ಕಟ್ಟಿದ ಪುಟ್ಟ ಪುಟ್ಟ ಚೀಲಗಳಲ್ಲಿ ಕೂತಿದ್ದವು. ಮುಚ್ಚಳದ ಮೇಲೆ ಬರೆದಿತ್ತು: ಬಿಸಿನೀರು ಸಾಕು, ಸಿಹಿ ಮೊದಲೇ ಹಾಕಿದೆ.

ನೀವೇ ಹೇಳಿ, ನನಗೆ ಎಷ್ಟು ಸಿಹಿ ಬೇಕು ಅಂತ ಆ ಬೆಟ್ಟದ ಮೇಲಿನವರಿಗೆ ಗೊತ್ತಾದದ್ದು ಹೇಗೆ? ಕಟ್ಟಿಕೊಂಡ ಗಂಡನಿಗೇ ಇನ್ನೂ ಗೊತ್ತಾಗಿಲ್ಲ. ನಮ್ಮ ಕಡೆ ಒಂದು ಮನೆಯ ಚಹಾದಲ್ಲಿ ಸಕ್ಕರೆ ಕಡಿಮೆಯಾದರೆ ಆ ಸುದ್ದಿ ಬೀಗರು ಬಸ್ಸು ಹತ್ತುವ ಮೊದಲೇ ಓಣಿ ದಾಟಿರುತ್ತದೆ. ಅಂಥ ದೊಡ್ಡ ವಿಷಯವನ್ನು ಒಬ್ಬ ಅಪರಿಚಿತರು ನಿರ್ಧರಿಸಿ, ಚೀಲದಲ್ಲಿ ಹೊಲಿದು ಕಳಿಸಿಬಿಟ್ಟಿದ್ದಾರಲ್ಲ ಎಂದು ನನಗೆ ಭಾರಿ ಕುತೂಹಲವಾಯಿತು.

ಮಕ್ಕಳಿಗೆ 'ಪ್ರಯೋಗಕ್ಕೆ ಮೊದಲು ಸೂಚನೆ ಓದಿರಿ' ಎಂದು ವರ್ಷಗಟ್ಟಲೆ ಹೇಳಿದವಳು ನಾನು. ಮನೆಗೆ ಬಂದವಳೇ ಹಾಲು ನೀರು ಕೂಡಿಸಿ ಒಲೆಯ ಮೇಲಿಟ್ಟು, ಕುದಿಯುವುದರೊಳಗೆ ಮಸಾಲೆ ಚಹಾದ ಚೀಲವನ್ನು ದಾರದ ಸಮೇತ ಬಿಟ್ಟೆ. ಕೈಯ ರೂಢಿ ನೋಡಿ, ಅದು ನನ್ನನ್ನು ಕೇಳದೆ ಎರಡು ಚಮಚ ಸಕ್ಕರೆಯನ್ನೂ ಹಾಕಿತು. ದಾರದ ತುದಿಯ ಕಾಗದದ ಚೀಟಿ ಬೆಂದು ಹಾಲಿನ ಕೆನೆಯಲ್ಲಿ ಸೇರಿತು. ನಮ್ಮ ಮನೆಯವರು ಒಂದು ಗುಟುಕು ಕುಡಿದು, "ಇದೇನ್ ಚಹಾನೋ, ಜಿಲೇಬಿ ಪಾಕೋ?" ಎಂದು ಕಪ್ಪನ್ನು ನನ್ನ ಕಡೆಗೇ ಸರಿಸಿದರು.

ಎರಡನೆಯದಾಗಿ ಏಲಕ್ಕಿ ಚಹಾದ ಚೀಲ ತೆಗೆದೆ, ಅದನ್ನು ಕುದಿಸಲಿಲ್ಲ. ಕತ್ತರಿಯಿಂದ ಚೀಲ ಕೊಯ್ದು ತಟ್ಟೆಯಲ್ಲಿ ಸುರುವಿ, ಟಾಚಣಿಯ ಮೊನೆಯಿಂದ ಬಿಡಿಸುತ್ತ ಕೂತೆ. ಒಂದು ಕಡೆ ಎಲೆಯ ಚೂರು, ಒಂದು ಕಡೆ ಏಲಕ್ಕಿ ಪುಡಿ, ಒಂದು ಕಡೆ ಸಕ್ಕರೆಯ ಹರಳು. ಉಳಿದ ಚೀಲಗಳ ಹೆಸರು ಓದುತ್ತ ಡಬ್ಬಿಯ ತಳದ ಸಾಲಿಗೆ ಬಂದಾಗ ಕೊನೆಯ ಚೀಲದ ಮೇಲೆ 'ಬೆಲ್ಲದ ಚಹಾ' ಎಂದಿತ್ತು. ಬೆಳಕಿಗೆ ಹಿಡಿದರೆ ಒಳಗೆ ಕಂದು ಹರಳುಗಳು ಕಂಡವು. ನಾನು ಕತ್ತರಿ ಕೆಳಗಿಟ್ಟೆ. ಇದನ್ನು ಕೊಯ್ಯುವ ಹಕ್ಕು ನನ್ನದಲ್ಲ, ಮಹಾಲಿಂಗಪುರದ ನಮ್ಮ ಕಾಕಾನದು ಅನಿಸಿತು.

ಕಾಕಾ ನಮ್ಮಪ್ಪನ ತಮ್ಮ. ಮಹಾಲಿಂಗಪುರದ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಬೆಲ್ಲ ನೋಡುವ ಕೆಲಸ ಅವನದು. ನೋಡುವುದು ಅಂದರೆ ಕಣ್ಣಿನಿಂದಲ್ಲ, ನಾಲಿಗೆಯಿಂದ. ಊರೂರಿನ ಗಾಣಗಳಿಂದ ಬೆಲ್ಲದ ಪೆಂಟಿಗಳು, ಅಂದರೆ ದೊಡ್ಡ ದೊಡ್ಡ ಗಟ್ಟಿಗಳು, ಸಂಜೆ ಬಂದಿಳಿಯುತ್ತಿದ್ದವು. ಮರುದಿನ ಮುಂಜಾನೆ ಖರೀದಿದಾರರ ಮುಂದೆ ಕಾಕಾ ಒಂದೊಂದು ಪೆಂಟಿಯಿಂದ ಕಡಲೆಯಷ್ಟು ಮುರಿದು, ಮೊದಲು ನಾಲಿಗೆಯ ತುದಿಗೆ, ಆಮೇಲೆ ಬುಡಕ್ಕೆ ತಂದು, ಕಣ್ಣು ಮುಚ್ಚಿ ಒಂದೇ ಶಬ್ದ ಹೇಳುತ್ತಿದ್ದ. ಛಲೋ. ಇಲ್ಲವೇ ಸುಮಾರು. ಇಲ್ಲವೇ ಸವಳು. ಈ ಸವಳು ಅನ್ನುವುದಿದೆಯಲ್ಲ, ಅದು ಬೆಲ್ಲಕ್ಕೆ ಹೇಳಿದ ಮಾತಲ್ಲ, ಹೊಲಕ್ಕೆ ಹೇಳಿದ ಮಾತು. ನೀರು ಹೆಚ್ಚಾಗಿ ನೆಲ ಉಪ್ಪು ಹಿಡಿದರೆ ಅಲ್ಲಿಯ ಕಬ್ಬೂ ಉಪ್ಪು, ಬೆಲ್ಲವೂ ಉಪ್ಪು. ಕಾಕಾ ಸವಳು ಅಂದ ಬೆಲ್ಲದ ಕಡೆ ಖರೀದಿದಾರರು ತಿರುಗಿ ನೋಡುತ್ತಿರಲಿಲ್ಲ.

ಅವನ ಮನೆಯ ಚಹಾಕ್ಕೆ ಸಕ್ಕರೆಯೂ ಇಲ್ಲ, ಬೆಲ್ಲವೂ ಇಲ್ಲ. ಬೆಲ್ಲ ಹಾಕಿ ಕುದಿಸಿದರೆ ಹಾಲು ಒಡೆಯುತ್ತದೆ ಅನ್ನುವುದು ಕಾಕಾನ ಹೆಂಡತಿ, ನಮ್ಮ ಕಾಕುವಿನ ಕಾರಣ. ಚಹಾದ ಜೊತೆ ಅಂಗೈಯಲ್ಲಿ ಒಂದು ಬೆಲ್ಲದ ತುಣುಕು ಕೊಡುತ್ತಿದ್ದರು. ಕಡಿಯಬೇಕು, ಗುಟುಕರಿಸಬೇಕು. ಯಾರಿಗೆ ಎಷ್ಟು ಸಿಹಿ ಬೇಕೋ ಅವರವರ ಹಲ್ಲಿಗೆ ಬಿಟ್ಟದ್ದು. ನಾನು ಸಣ್ಣವಳಿದ್ದಾಗ ರಜೆಗೆ ಹೋದರೆ ಕಾಕಾ ಎರಡು ತುಣುಕು ಕೊಟ್ಟು, "ಯಾವುದು ಯಾವ ಊರಿಂದು, ಹೇಳು ನೋಡೂಣು" ಎನ್ನುತ್ತಿದ್ದ. ಬಾಡಗಂಡಿ ಕಡೆಯದು ಯಾವುದು, ಸಾವಳಗಿ ಕಡೆಯದು ಯಾವುದು ಎಂದು ನಾನು ಹೇಳಿಬಿಡುತ್ತಿದ್ದೆ. "ಇಕಿದು ನನ್ನ ನಾಲಿಗಿ" ಎಂದು ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದ. ಪೇಟೆಯಲ್ಲಿ ಹೆಣ್ಣುಮಕ್ಕಳಿಗೆ ಆ ಕೆಲಸ ಯಾರು ಕೊಡುತ್ತಾರೆ? ನಾನು ಬಿ.ಎಡ್. ಮಾಡಿ ಬನಹಟ್ಟಿಯ ಒಂದು ಶಾಲೆ ಸೇರಿದೆ, ಕಾಕಾನ ಮನೆಯಲ್ಲೇ ಉಳಿದು ಬಸ್ಸಿನಲ್ಲಿ ಓಡಾಡತೊಡಗಿದೆ.

ಆಗಲೇ ಬಂದದ್ದು, ಎಲ್ಲರ ಬಾಯಿಗೂ ಬಟ್ಟೆ ಕಟ್ಟಿಸಿದ ಆ ಜ್ವರ. ಕಾಕಾನಿಗೂ ಬಂತು, ಹೋಯಿತು. ಹೋಗುವಾಗ ಅವನ ರುಚಿಯನ್ನು ಒಯ್ದಿತು. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುವುದರೊಳಗೆ ಕಬ್ಬಿನ ಹಂಗಾಮು ಬಂತು. ಒಂದು ಸಂಜೆ ನಾನು ಶಾಲೆಯಿಂದ ಬರುತ್ತಲೇ ಹಿತ್ತಲಿಗೆ ಕರೆದು, ಅಂಗಿಯ ಕಿಸೆಯಿಂದ ಐದಾರು ಕಾಗದದ ಪುಡಿಕೆ ತೆಗೆದ. ಒಂದೊಂದರ ಮೇಲೆ ಊರಿನ ಹೆಸರು, ಒಳಗೆ ಕಡಲೆಯಷ್ಟು ಬೆಲ್ಲ.

"ನೋಡಿ ಹೇಳು ತಂಗಿ. ನಿಮ್ಮ ಕಾಕುಗೂ ಗೊತ್ತಾಗಬಾರ್ದು" ಎಂದ.

ಅವನ ಕಣ್ಣಲ್ಲಿ ಅಂಥ ಅಂಜಿಕೆಯನ್ನು ನಾನು ಎಂದೂ ಕಂಡಿರಲಿಲ್ಲ. ಹೂಂ ಅಂದೆ. ಒಂದು ತಿಂಗಳು ಹಾಗೇ ನಡೆಯಿತು. ಸಂಜೆ ನಾನು ಹಿತ್ತಲಲ್ಲಿ ಹೇಳಿದ್ದನ್ನು ಅವನು ಮುಂಜಾನೆ ಪೇಟೆಯಲ್ಲಿ ಕಣ್ಣು ಮುಚ್ಚಿ ಹೇಳುತ್ತಿದ್ದ. ಸುಳ್ಳು ಹೇಳಲಾರೆ, ನನಗೆ ಹೆಮ್ಮೆಯೇ ಆಗುತ್ತಿತ್ತು. ಅವನು ಹಾಕಿದ ನಿಯಮ ಒಂದೇ: ಬೆಲ್ಲ ನೋಡುವ ಮೊದಲು ಬಾಯಿ ಮುಕ್ಕಳಿಸಬೇಕು. ಚಹಾ ಕುಡಿದು ಬೆಲ್ಲ ನೋಡಬಾರದು, ಬೆಲ್ಲ ನೋಡಿ ಚಹಾ ಕುಡಿಯಬೇಕು.

ಒಂದು ದಿನ ನಮ್ಮ ಹೆಡ್‌ಮಾಸ್ತರರು ನಿವೃತ್ತರಾದರು. ಬೀಳ್ಕೊಡುವ ಸಮಾರಂಭದಲ್ಲಿ ಪೇಡೆ, ಅದರ ಮೇಲೆ ಸಕ್ಕರೆ ಸುರಿದ ಚಹಾ, ಅದೂ ಎರಡು ಕಪ್ಪು. ಉಳಿದ ಪೇಡೆಯನ್ನು ಕಾಕುಗೆಂದು ಕಟ್ಟಿಸಿಕೊಂಡು ಬಂದೆ. ತಡವಾಗಿತ್ತು, ಕಾಕಾ ಹಿತ್ತಲಲ್ಲಿ ಚಡಪಡಿಸುತ್ತಿದ್ದ. ಪುಡಿಕೆ ಬಿಚ್ಚಿ ಬಿಚ್ಚಿ ಬಾಯಿಗೆ ಹಾಕಿಕೊಂಡೆ. ಸಿಹಿಯಿಂದ ಮಂಕಾದ ನಾಲಿಗೆಗೆ ಬೆಲ್ಲದ ಸಿಹಿ ಗೊತ್ತೇ ಆಗುವುದಿಲ್ಲ, ಅದರೊಳಗಿನ ಎಳ್ಳಷ್ಟು ಉಪ್ಪೇ ದೊಡ್ಡದಾಗಿ ಹೊಡೆಯುತ್ತದೆ. ವಿಜ್ಞಾನದವಳಿಗೆ ಇದು ಆ ಹೊತ್ತಿಗೆ ಹೊಳೆಯಲಿಲ್ಲ. ಸಾವಳಗಿಯ ಪುಡಿಕೆಗೆ "ಸವಳು" ಅಂದೆ.

ಮರುದಿನ ಸಂಜೆ ಸಾವಳಗಿಯ ಸಿದ್ರಾಮಪ್ಪ ಮನೆಗೇ ಬಂದ. ಅವನ ಬೆಲ್ಲ ಪೇಟೆಯ ಕಟ್ಟೆಯ ಮೇಲೆ ಹಾಗೇ ಉಳಿದಿತ್ತು. ಸಿಟ್ಟಿನಿಂದ ಬಂದವನು, ಆದರೆ ಮಾತಾಡಲು ಹೋದರೆ ದನಿ ನಡುಗಿತು.

"ನಮ್ಮ ಮುತ್ಯಾ ಉತ್ತ ಹೊಲಾ ಐತ್ರಿ ಅದು. ನೀವು ಸವಳ ಅಂದ್ರ ಊರ ತುಂಬ ಸವಳ ಅಂತಾರ. ನಾಳೆ ನಮ್ಮ ಮನಿಗೆ ಹೆಣ್ಣ ಯಾರು ಕೊಡ್ತಾರ್ರೀ ಅಣ್ಣಾರ?"

ಕಾಕು ಬಂದವರ ಸಿಟ್ಟನ್ನೆಲ್ಲ ತಿನಿಸಿನಿಂದ ಇಳಿಸುವವಳು. ತಟ್ಟೆಯಲ್ಲಿ ಪೇಡೆ ತಂದಿಟ್ಟಳು. "ತಗೊಳ್ರಿ, ನಮ್ಮ ಹುಡುಗಿ ನಿನ್ನೆ ಸಾಲಿಯಿಂದ ತಂದಾಳ. ಅಕಿ ಅಲ್ಲೇ ಹೊಟ್ಟಿ ತುಂಬ ತಿಂದು ಬಂದಾಳಂತ."

ಚಹಾದ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಆಗ ಹೊಳೆಯಿತು. ಕಾಕಾ ಪೇಡೆಯನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ, ಆಮೇಲೆ ಸಿದ್ರಾಮಪ್ಪನ ಕಡೆ ತಿರುಗಿದ.

"ನಿನ್ನ ಹೊಲಕ್ಕ ಏನೂ ಆಗಿಲ್ಲ ಸಿದ್ರಾಮಾ. ನನ್ನ ನಾಲಿಗಿ ಸತ್ತೇತಿ. ಜ್ವರ ಬಂದಾಗಿಂದ ಸಿಹಿ ಯಾವುದು, ಉಪ್ಪ ಯಾವುದು ತಿಳಿಯೂದಿಲ್ಲ. ನಾಳೆ ಪ್ಯಾಟ್ಯಾಗ ಎಲ್ಲಾರ ಮುಂದ ಹೇಳ್ತೇನಿ."

ಹೇಳಿದ ಕೂಡ. ಅಂದಿನಿಂದ ಪೇಟೆಗೆ ಹೋಗುವುದನ್ನು ಬಿಟ್ಟು ಮನೆಯ ಕಟ್ಟೆಯ ಮೇಲೆ ಕೂತ. ನಾನು ಬಾಯಿ ಬಿಡಲಿಲ್ಲ. ತಪ್ಪು ನನ್ನದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ಮುಂದೆ ಮದುವೆಯಾಗಿ ಜಮಖಂಡಿಗೆ ಬಂದೆ, ವರ್ಗವೂ ಆಯಿತು, ಮಾತು ಹಾಗೇ ಉಳಿಯಿತು. ಸಿದ್ರಾಮಪ್ಪ ಮಾತ್ರ ಪ್ರತಿ ವರ್ಷ ಕಾಕಾನ ಮನೆಗೆ ಎರಡು ಪೆಂಟಿ ಕಳಿಸುತ್ತಾನೆ, ಒಂದು ದೊಡ್ಡದು, ಒಂದು ಸಣ್ಣದು. ಸಣ್ಣದನ್ನು ಕಾಕು ನನ್ನ ಚೀಲಕ್ಕೆ ಹಾಕುತ್ತಾಳೆ. ಕಾಕುವಿನ ಪ್ರೀತಿ ಅಂದುಕೊಂಡು ನಾನು ಹೋಳಿಗೆಗೋ ಮಾದಲಿಗೋ ಹಾಕಿ ಖರ್ಚು ಮಾಡಿಬಿಡುತ್ತೇನೆ.

ಇರಲಿ, ಡಬ್ಬಿಯ ಮಾತಿಗೆ ಬರೋಣ. ಕಳೆದ ರವಿವಾರ ಅದನ್ನು ಹಿಡಿದು ಮಹಾಲಿಂಗಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಅಡ್ಡ ಬರುತ್ತಿದ್ದುದರಿಂದ ಮುಟ್ಟುವುದು ತಡವಾಯಿತು. ಹೋದವಳೇ ಒಲೆಯ ಮೇಲೆ ನೀರಿಟ್ಟು, ಕಪ್ಪುಗಳನ್ನು ಸಾಲಾಗಿ ಜೋಡಿಸಿ, ದಾರ ಹಿಡಿದು ಮೊದಲ ಚೀಲವನ್ನು ಬಿಸಿನೀರಿಗೆ ಇಳಿಬಿಟ್ಟೆ. ಕಾಕು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಬಾವ್ಯಾಗ ಕೊಡಾ ಬಿಟ್ಟಂಗ ಬಿಡಾಕತ್ತಿಯಲ್ಲ ಬೇ! ಇದರಾಗ ಹಾಲಿಲ್ಲೇನ?"

ಒಂದೊಂದೇ ಕುಡಿಯುತ್ತ ಹೋದೆವು. ತುಳಸಿ-ಶುಂಠಿಯದು ನೆಗಡಿ ಕಷಾಯವನ್ನೇ ಸಕ್ಕರೆ ಹಾಕಿ ರಮಿಸಿದ ಹಾಗಿತ್ತು. ಲಿಂಬು-ಪುದೀನಾ ಚೆನ್ನಾಗಿತ್ತು, ಆದರೆ ಅದನ್ನು ಚಹಾ ಅನ್ನಲು ಕಾಕು ಒಪ್ಪಲಿಲ್ಲ. ಗುಲಾಬಿಯದು ಕುಡಿದರೆ ಯಾರದೋ ಮದುವೆಯಲ್ಲಿ ಪನ್ನೀರು ಚಿಮುಕಿಸಿಕೊಂಡಂತಾಯಿತು. ಕಾಕಾನ ನಾಲಿಗೆಗೆ ಇಂದಿಗೂ ಬಿಸಿ ಮತ್ತು ತಣ್ಣಗೆ ಇವೆರಡೇ ಗೊತ್ತು. ಆದರೂ ಪ್ರತಿ ಕಪ್ಪಿನಿಂದ ಒಂದು ಗುಟುಕು ತಗೊಂಡು, ತುಟಿಗೆ ತುಟಿ ಹಚ್ಚಿ ಬಿಡಿಸಿ, "ಸಕ್ಕರಿ ಭಾಳ ಹಾಕ್ಯಾರ. ತುಟಿ ಅಂಟಾಕತ್ತಾವ" ಎಂದ. ನಾನು ಬೆರಗಾದೆ. ರುಚಿ ಹೋದರೂ ಅವನು ಬೇರೆ ದಾರಿ ಹುಡುಕಿಕೊಂಡಿದ್ದ.

ಉಳಿದೆರಡನ್ನೂ ಮುಗಿಸಿ, ಕೊನೆಗೆ ಬೆಲ್ಲದ ಚಹಾ ಹಚ್ಚಿದೆ. ಕಾಕಾ ಹತ್ತಿರ ಸರಿದು ಕೂತ. ಹಿತ್ತಲಲ್ಲಿ ಕೂರುತ್ತಿದ್ದ ಹಾಗೆಯೇ ಮೊಣಕಾಲು ಹಿಡಿದುಕೊಂಡು ಕೇಳಿದ.

"ಹೇಳು ತಂಗಿ, ಎಂಥಾ ನೆಲದ್ದೈತಿ?"

ಕಣ್ಣು ಮುಚ್ಚಿದೆ. ನಾಲಿಗೆಯ ಬುಡಕ್ಕೆ ತಂದೆ. ಭಾರಿ ಪಂಡಿತಳ ಹಾಗೆ, "ಸವಳ ಐತಿ ಕಾಕಾ" ಅಂದೆ.

ಕಾಕಾ ಗಳಗಳನೆ ನಕ್ಕುಬಿಟ್ಟ. "ಇವತ್ತೂ ಪೇಡೆ ತಿಂದಿಯೇನ?"

ಕಪ್ಪು ಕೆಳಗಿಟ್ಟೆ. ಮುಂದೆ ಸಾಲಾಗಿ ಕೂತ ಐದು ಸಿಹಿ ಕಪ್ಪುಗಳು ನನ್ನನ್ನೇ ನೋಡುತ್ತಿದ್ದವು. ಅದೇ ಮಹಾಲಿಂಗಪುರ, ಅದೇ ನಾಲಿಗೆ, ಅದೇ ತಪ್ಪು.

"ನಿಮಗ ಗೊತ್ತಿತ್ತ?"

"ಸಿದ್ರಾಮನ ಮುಂದ ನಿಮ್ಮ ಕಾಕು ಪೇಡೆ ಇಟ್ಟಾಗನ ಗೊತ್ತಾತು."

"ಮತ್ಯಾಕ ಹೇಳಲಿಲ್ಲ?"

"ಏನಂತ ಹೇಳಲಿ? ಒಂದ ತಿಂಗಳ ನಿನ್ನ ನಾಲಿಗಿಲೆ ನಾ ಹೆಸರ ತಗೊಂಡೆ. ತಪ್ಪಾದ ದಿನಾ ನಿನ್ನ ಮುಂದ ನೂಕಲೇನ?"

ನನಗೆ ಅಳು ಬಂತು. ಸಣ್ಣ ಹುಡುಗಿಯ ಹಾಗೆ ಸೆರಗಿನಿಂದ ಮೂಗು ಒರೆಸಿಕೊಂಡು ಅತ್ತೆ. ಏನೊಂದೂ ಗೊತ್ತಿಲ್ಲದ ಕಾಕು ಇಬ್ಬರನ್ನೂ ನೋಡಿ, ಕಾಕಾ ಎಲ್ಲ ಬಿಡಿಸಿ ಹೇಳಿದ ಮೇಲೆ, "ಅಂದ್ರ ಆ ಪೇಡೆ ಇಷ್ಟೆಲ್ಲ ಮಾಡ್ತೇನ!" ಎಂದು ಗಲ್ಲಕ್ಕೆ ಕೈ ಹಚ್ಚಿ ಕೂತಳು.

"ಸಿದ್ರಾಮಪ್ಪಗ ನಾ ಹೇಳಬೇಕ ಕಾಕಾ" ಅಂದೆ.

"ಅಂವಗ ನಾ ಆ ವರ್ಷನ ಹೇಳೇನಿ. ಪ್ಯಾಟ್ಯಾಗ ನಿನ್ನ ಹೆಸರ ಹೇಳಲಿಲ್ಲ, ಅಂವ ಒಬ್ಬಂಗ ಹೇಳಿದೆ. ಸಣ್ಣ ಪೆಂಟಿ ಯಾರಿಗೆ ಬರ್ತೈತಿ ಅಂತ ತಿಳದಿ? 'ಆ ಹುಡುಗಿಗೆ ಬಾಯಿ ತೊಳಕೊಂಡ ಒಮ್ಮೆ ನೋಡಾಕ ಹೇಳ್ರಿ' ಅಂತ ಪ್ರತಿ ವರ್ಷಾ ಕೊಡ್ತಾನ."

"ನನಗ ಒಮ್ಮೆನೂ ಹೇಳಲಿಲ್ಲಲ್ಲ ನೀವು!"

"ನೀನ ಬಾಯಿ ಬಿಡ್ತಿಯೇನೋ ಅಂತ ಕಾಯಾಕತ್ತಿದ್ದೆ" ಎಂದು ಕಾಕಾ ಆರಿದ ಚಹಾವನ್ನು ಎತ್ತಿ ಕುಡಿದ.

ಸಂಜೆ ಜಮಖಂಡಿಗೆ ಮರಳಿದೆ. ಡಬ್ಬಿಯಲ್ಲಿ ಇನ್ನೂ ಕೆಲವು ಚೀಲ ಉಳಿದಿವೆ. ಬೆಲ್ಲದ ಚಹಾದ್ದು ಒಂದಿದೆ, ಅದಕ್ಕೆ ನನ್ನಿಂದ ಒಂದು ನ್ಯಾಯವಾದ ಮಾತು ಸಿಗಬೇಕು, ಇನ್ನೊಂದು ದಿನ ನೋಡುತ್ತೇನೆ. ಅದರ ಪಕ್ಕಕ್ಕೇ ಈ ವರ್ಷದ ಸಣ್ಣ ಪೆಂಟಿ ಇತ್ತು, ಸಂಕ್ರಾಂತಿಗೆ ಅರ್ಧ ಮುಗಿದದ್ದು. ನಾನು ಎರಡು ಸಲ ಬಾಯಿ ಮುಕ್ಕಳಿಸಿದೆ. ಕಡಲೆಯಷ್ಟು ಮುರಿದು ಮೊದಲು ತುದಿಗೆ, ಆಮೇಲೆ ಬುಡಕ್ಕೆ ತಂದೆ. ಇಷ್ಟು ವರ್ಷ ತಿಂದಿದ್ದೆ, ಒಮ್ಮೆಯೂ ನೋಡಿರಲಿಲ್ಲ. ಸವಳಿನ ಸುಳಿವೂ ಇಲ್ಲ. ಅಷ್ಟು ಒಳ್ಳೆಯ ನೆಲ.

"ಹೆಂಗೈತಿ?" ಎಂದು ನಮ್ಮ ಮನೆಯವರು ಕೇಳಿದರು. ಅದನ್ನು ಮೊದಲು ಹೇಳಬೇಕಾದವರು ಬೇರೆ ಇದ್ದಾರೆ ಅಂದೆ.

ಬರುವ ರವಿವಾರ ಸಾವಳಗಿಗೆ ಹೋಗುತ್ತಿದ್ದೇನೆ. ಹೋದರೆ ಸಿದ್ರಾಮಪ್ಪ ಹೊಸ ಬೆಲ್ಲದ ಒಂದು ತುಣುಕನ್ನು ಅಂಗೈಯಲ್ಲಿ ಇಡದೆ ಬಿಡುವುದಿಲ್ಲ. ಅದಕ್ಕೆ ಆ ಮುಂಜಾನೆ ನಾನು ಚಹಾ ಕುಡಿಯುವುದಿಲ್ಲ.