ಮುಯ್ಯಾಳಾಗಿ ಬಂದ ಮಾಸ್ತರರು

ಶೀಗಿ ಹುಣ್ಣಿಮೆ ಕಳೆದಿದೆ. ಕಳಸಾಪುರದ ಆಚೆಯ ಈ ಸಣ್ಣ ಊರಿನಲ್ಲಿ ಶೇಂಗಾ ಕೀಳುವ ಹಂಗಾಮು. ಮೂಡಣ ಕೆಂಪಾಗುವ ಮೊದಲೇ ಹೇಮಪ್ಪ ಮಾಸ್ತರರು ಧೋತರ ಎತ್ತಿ ಕಟ್ಟಿ ದುರಗವ್ವನ ಹೊಲದಲ್ಲಿ ಬಾಗಿದ್ದಾರೆ.

“ಮೆಲ್ಲಕ ಜಗ್ಗರಿ ಮಾಸ್ತರ! ಬಳ್ಳಿ ನಿಮ್ಮ ಕೈಗೆ, ಕಾಯಿ ಭೂಮಿತಾಯಿಗೆ ಅಂದ್ರ ನಾ ಏನ್ ತಿನ್ನಲಿ?” ದುರಗವ್ವ ನಗುತ್ತಾಳೆ. ಪಕ್ಕದ ಸಾಲಿನಲ್ಲಿರುವ ಅವಳ ಮಗಳು ಮಂಜವ್ವನಿಗೂ ನಗು ತಡೆಯದು.

ಮಾಸ್ತರರು ಕೂಲಿಗೆ ಬಂದಿಲ್ಲ, ಮುಯ್ಯಿ ತೀರಿಸಲು ಬಂದಿದ್ದಾರೆ. ಒಬ್ಬರ ಹೊಲದಲ್ಲಿ ಒಬ್ಬರು ದುಡಿದು ಆಳಿಗೆ ಆಳು ತೀರಿಸುವುದು ಈ ಕಡೆಯ ವಾಡಿಕೆ. ಬೇಸಿಗೆಯಲ್ಲಿ ಊರವರು ಶಾಲೆಗೊಂದು ಕೋಣೆ ಎತ್ತಿ, ಅದರ ಚಾವಣಿಗೆ ಹಾಸಲು ಮಣ್ಣು ಹೊತ್ತರು. ದುರಗವ್ವನೂ ಹೊತ್ತಳು. ಆ ಎಲ್ಲರ ಮುಯ್ಯಿ ಹೇಮಪ್ಪನವರ ಪಾಲಿಗೆ. ದಿನಾ ಬೆಳಿಗ್ಗೆ ಒಬ್ಬೊಬ್ಬರ ಹೊಲ, ಆಮೇಲೆ ಪಾಠ. ಕೋಣೆಗೆ ಬಾಗಿಲು ಕೂಡಿಸಿದ್ದು ನಿನ್ನೆ. ಇಂದು ಹನ್ನೊಂದಕ್ಕೆ ಅಲ್ಲಿ ಮೊದಲ ಗಂಟೆ!

ಸ್ವಾತಂತ್ರ್ಯ ಬಂದ ವರ್ಷ ಚಾವಡಿಯಲ್ಲಿ ಶುರುವಾದ ಶಾಲೆ ಇಲ್ಲಿಯವರೆಗೂ ಅಲ್ಲೇ ಇತ್ತು. ಹೊತ್ತಾಯಿತೆಂದು ಕರೆಯಲು ಬಂದ ಇನ್ನೊಬ್ಬ ಶಿಕ್ಷಕ ನಜೀರಸಾಬರು ಬದುವಿನ ಮೇಲೆ ಕುಕ್ಕರಿಸುತ್ತಾರೆ. “ನಾವು ಮಗ್ಗಿ ಸುರು ಮಾಡಿದ್ರ ಪಂಚರು ನ್ಯಾಯ ಸುರು ಮಾಡತಿದ್ರು. ಹುಡುಗರಿಗೆ ಮಗ್ಗಿ ಬರಲಿಲ್ಲ, ಬೈಗಳ ಮಾತ್ರ ಬಾಯಿಪಾಠ!”

ಗಂಡಸರು ಬೀಡಿ ಸೇದುವ ಚಾವಡಿಗೆ ಯಾರೂ ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ಹೇಮಪ್ಪನವರಿಗೆ ಚುಚ್ಚುವುದು ಅದೇ. “ಮುಂದಿನ ವಾರ ಕನ್ನಡ ನಾಡು ಒಂದಾಗತೈತಿ. ನಮ್ಮೂರಾಗ ಅರ್ಧಾ ಮಕ್ಕಳು ಹೊರಗ ಉಳದ್ರ ಏನ್ ಚೆಂದ? ಬೆಂಚು, ಖುರ್ಚಿ ಆಮ್ಯಾಲ ಬರ್ಲಿ. ಈ ಮಂಜವ್ವ ಬಂದು ಕುಂತ್ರ ನನ್ನ ಕೆಲಸದ ಜಾಗಾ ಚಲೋ ಆತು ಅಂತೀನಿ.”

“ಸುಗ್ಗ್ಯಾಗ ಎರಡು ಕೈ ಬಿಟ್ಟು ಕೊಡಂದ್ರ ಹೆಂಗ್ರಿ?” ದುರಗವ್ವ ಮುಖ ತಿರುಗಿಸುತ್ತಾಳೆ.

ಬಿಸಿಲು ಏರಿದೆ. ಮಾಸ್ತರರು ಕೈಯ ಮಣ್ಣು ಕೊಡವಿ, “ಬರ್ತೀನವಾ, ಮುಯ್ಯಿ ತೀರ್ತಲ್ಲಾ?” ಎನ್ನುತ್ತಾರೆ.

“ಎಲ್ಲಿ ತೀರ್ತರಿ? ನಾ ದಿನಪೂರ್ತಿ ಮಣ್ಣು ಹೊತ್ತೀನಿ. ನೀವು ಅರ್ಧಾ ಹೊತ್ತು ದುಡದ್ರಿ, ಅದೂ ಕಾಯಿ ನೆಲದಾಗ ಬಿಟ್ಟು!” ದುರಗವ್ವ ಮಗಳ ಕೈಯಿಂದ ಬಳ್ಳಿ ಕಸಿದುಕೊಳ್ಳುತ್ತಾಳೆ. “ಉಳಿದದ್ದು ಈಕಿಗೆ ಅಕ್ಷರ ಕಲಿಸಿ ತೀರಸ್ರಿ. ನಡೀಲೇ, ಮಾರಿ ತೊಳಕೊ!”

ಮಂಜವ್ವ ಮುಖ ತೊಳೆಯುವುದನ್ನೂ ಮರೆತು ಓಡುತ್ತಾಳೆ. ಹೇಮಪ್ಪನವರ ನಡಿಗೆಯೂ ಓಟವೇ.

“ಈ ಬಾಕಿ ಜಲ್ದಿ ತೀರೂದು ಬ್ಯಾಡ್ರಿ,” ಎನ್ನುತ್ತಾರೆ ಅವರು ಜೊತೆಗೆ ಬರುತ್ತಿರುವ ನಜೀರಸಾಬರಿಗೆ, ಏದುಸಿರಿನಲ್ಲಿ.