ಊರಿಗೆ ಕಳಿಸು ಎಂದವರು

ಗಲ್ಫಿನಲ್ಲಿದ್ದ ನಮ್ಮ ಗಂಡಸರ ಬಳಿ ಎಲ್ಲ ಸಂಕಟಕ್ಕೂ ಒಂದೇ ಔಷಧವಿತ್ತು: ಹೆಂಡತಿಯನ್ನು ಊರಿಗೆ ಕಳಿಸು. ನಾನು ನರ್ಸಿಂಗ್ ಕಲಿಯುತ್ತಿದ್ದ ಆಸ್ಪತ್ರೆಯ ಕಂಪೌಂಡರ್ ಕೂಡ ಹೊಟ್ಟೆನೋವಿಗೂ ತಲೆಸುತ್ತಿಗೂ ಅದೇ ಕೆಂಪು ಮಿಕ್ಸ್ಚರ್ ಸುರಿದು ಕೊಡುತ್ತಿದ್ದ. ಅವನಿಗಾದರೂ ಒಳಗೊಳಗೆ ಒಂದು ಅನುಮಾನವಿತ್ತು. ಇವರಿಗೆ ಅದೂ ಇರಲಿಲ್ಲ. ಬಾಡಿಗೆ ಏರಿದರೆ ಹೆಂಡತಿಯನ್ನು ಊರಿಗೆ ಕಳಿಸು. ಮಗುವಿಗೆ ಶಾಲೆಯಲ್ಲಿ ಸೀಟು ಸಿಗದಿದ್ದರೆ ಹೆಂಡತಿಯನ್ನು ಊರಿಗೆ ಕಳಿಸು. ಹೀಗೆ ಕಳಿಸಿದ ಮೇಲೆ ಮಕ್ಕಳಿದ್ದವರೂ ಕಂಪನಿಯ ಕ್ಯಾಂಪಿನಲ್ಲಿ 'ಬ್ಯಾಚುಲರ್' ಎನಿಸಿಕೊಂಡು, ಮಂಚದಿಂದ ಮಂಚಕ್ಕೆ ಹಗ್ಗ ಕಟ್ಟಿ ಬನಿಯನ್ ಒಣಗಿಸುತ್ತ, ವರ್ಷಗಟ್ಟಲೆ ಬದುಕುತ್ತಿದ್ದರು. ಅದನ್ನು ಶಿಸ್ತು ಎಂದು ಬೇರೆ ಹೇಳಿಕೊಳ್ಳುತ್ತಿದ್ದರು. ಶಿಸ್ತು ಎಂದರೇನೆಂದು ನನಗೆ ಗೊತ್ತು. ಬೆಳಗಿನ ಪ್ರಾರ್ಥನೆಗೆ ಮುಂಚೆ ಹಾಸಿಗೆ ಸರಿಮಾಡದವರಿಗೆ ಚಹಾ ಕೊಡದ ಸಿಸ್ಟರುಗಳ ಕೈಯಲ್ಲಿ ಬೆಳೆದವಳು ನಾನು. ಇದು ಶಿಸ್ತಲ್ಲ, ಸೋಮಾರಿತನ.

ಎಂಬತ್ತರ ದಶಕದಲ್ಲಿ ನಾನು ಒಮಾನ್ ದೇಶದ ರುಸ್ತಾಕಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನನ್ನ ತಮ್ಮ ಮಸ್ಕತ್ತಿನ ಘಾಲಾದಲ್ಲಿ, ಲಾರಿ ರಿಪೇರಿ ಮಾಡುವ ಒಂದು ಗ್ಯಾರೇಜಿನಲ್ಲಿ ಸ್ಟೋರ್‌ಕೀಪರ್. ಆದರೆ ಅವನ ವೀಸಾದಲ್ಲಿ ಬರೆದದ್ದು ಗಾರೆಕೆಲಸದವ ಎಂದು. ಅವನನ್ನು ಕರೆಸಿಕೊಳ್ಳುವಾಗ ಕಫೀಲನ, ಅಂದರೆ ವೀಸಾಕ್ಕೆ ಜವಾಬ್ದಾರನಾದ ಒಮಾನಿ ಮಾಲೀಕನ ಬಳಿ ಆ ಬಗೆಯ ವೀಸಾ ಮಾತ್ರ ಉಳಿದಿತ್ತಂತೆ. ಇದು ಅಲ್ಲಿ ಯಾರಿಗೂ ವಿಚಿತ್ರವಲ್ಲ. ಕುರಿ ಕಾಯುವವನ ವೀಸಾದಲ್ಲಿ ಬಂದ ಬ್ಯಾರಿ ಸಾಹೇಬರೊಬ್ಬರು ಸಹಮ್ ಎಂಬ ಊರಿನಲ್ಲಿ ಸೀರೆ ಮಾರುತ್ತಿದ್ದರು, 'ಕುರಿ ಹೇಗಿವೆ ಸಾಹೇಬ್ರೇ?' ಎಂದು ಕೇಳಿದರೆ ತಾವೇ ಮೊದಲು ನಗುತ್ತಿದ್ದರು. ಈ ನಗು ನಿಲ್ಲುವುದು ಮದುವೆಯಾದ ಮೇಲೆ. ಗಾರೆಕೆಲಸದವನಿಗೆ ಫ್ಯಾಮಿಲಿ ವೀಸಾ ಕೊಡುವುದಿಲ್ಲ.

ನನ್ನ ತಮ್ಮ ಮದುವೆಯಾದದ್ದು ಥಾಯ್ಲೆಂಡಿನ ಹುಡುಗಿಯನ್ನು. ಅವಳು ಮಸ್ಕತ್ತಿನ ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಹೋಟೆಲಿನ ವ್ಯಾನು ಕೆಟ್ಟು ಗ್ಯಾರೇಜಿಗೆ ಬಂದಾಗ ಪರಿಚಯವಾಯಿತು ಎಂದಷ್ಟೇ ನನಗೆ ಗೊತ್ತು. ಉಳಿದದ್ದನ್ನು ನಾನು ಕೇಳಲಿಲ್ಲ. ಅವನು ಅವಳನ್ನು ನನಗೆ ತೋರಿಸಲು ರುಸ್ತಾಕಿಗೆ ಕರೆತಂದ. ನನ್ನ ಕ್ವಾರ್ಟರ್ಸಿನಲ್ಲಿ ಮಧ್ಯಾಹ್ನ ಸ್ವಲ್ಪ ಮಲಗಿ ಎದ್ದವಳು, ಯಾರೂ ಹೇಳದೆ, ಹಾಸಿಗೆಯ ನಾಲ್ಕೂ ಮೂಲೆ ಮಡಿಸಿ ಸುಕ್ಕಿಲ್ಲದಂತೆ ಎಳೆದು ಕಟ್ಟಿದಳು. ನಾನು ಒಪ್ಪಿದೆ. ಅವಳು ಬುದ್ಧನಿಗೆ ಕೈಮುಗಿಯುವವಳು, ನಾವು ಕ್ರೈಸ್ತರು. ಪಾದ್ರಿಗಳು ಬಿಷಪ್ಪರ ಅನುಮತಿ ತರಿಸಿ ಇಗರ್ಜಿಯಲ್ಲೇ ಮದುವೆ ನಡೆಸಿದರು. ದೇವರ ಕಡೆಯಿಂದ ಯಾವ ತೊಂದರೆಯೂ ಆಗಲಿಲ್ಲ.

ಥಾಯ್ಲೆಂಡಿನವಳು ಎಂದ ಕೂಡಲೇ ನಮ್ಮ ಗಂಡಸರ ಮುಖದಲ್ಲಿ ಒಂದು ನಗು ಏಳುತ್ತಿತ್ತು. ಅಂಥ ನಗುವನ್ನು ನಾನು ಪುರುಷರ ವಾರ್ಡಿನಲ್ಲಿ ಬಹಳ ನೋಡಿದ್ದೇನೆ. ಎನಿಮಾ ಟ್ರೇ ಹಿಡಿದು ಎದುರು ನಿಂತರೆ ತಾನಾಗಿ ಇಳಿಯುತ್ತದೆ. ದುರದೃಷ್ಟಕ್ಕೆ ಆ ಟ್ರೇಯನ್ನು ಎಲ್ಲ ಕಡೆ ಹೊತ್ತು ತಿರುಗಲು ಆಗುವುದಿಲ್ಲ.

ಮದುವೆಯಾದ ಮೇಲೂ ಅವಳು ಹೋಟೆಲಿನ ಹೆಂಗಸರ ಹಾಸ್ಟೆಲಿನಲ್ಲಿ, ಇವನು ಘಾಲಾದ ಕ್ಯಾಂಪಿನಲ್ಲಿ. ಶುಕ್ರವಾರದ ವಾರದ ರಜೆಯಲ್ಲಿ ಸಮುದ್ರದ ದಂಡೆಯಲ್ಲಿ ಕುಳಿತು ಬರುತ್ತಿದ್ದರು. ಅವಳು ಬಸುರಿಯಾದಾಗ ಹೋಟೆಲಿನವರು ಕಾಂಟ್ರ್ಯಾಕ್ಟ್ ಮುಂದುವರಿಸುವುದಿಲ್ಲವೆಂದರು. ಕಾಂಟ್ರ್ಯಾಕ್ಟ್ ಮುಗಿದ ದಿನವೇ ಅವಳ ವೀಸಾವೂ ಮುಗಿಯುತ್ತದೆ. ಅಷ್ಟರೊಳಗೆ ತಮ್ಮನ ಹುದ್ದೆ ಕಾಗದದಲ್ಲಿ ಬದಲಾಗಿ ಅವನಿಗೆ ಫ್ಯಾಮಿಲಿ ವೀಸಾ ಸಿಗಬೇಕು. ಇಲ್ಲವಾದರೆ ಅವಳು ದೇಶ ಬಿಡಬೇಕು.

ಗ್ಯಾರೇಜಿನ ಮ್ಯಾನೇಜರು ನಮ್ಮ ಉಡುಪಿ ಕಡೆಯವರೇ. ಕರಾವಳಿಯವರ ಸಂಘಕ್ಕೆ ಅಧ್ಯಕ್ಷರು. ಊರಿನಿಂದ ಯಾವ ಮಂತ್ರಿ ಬಂದರೂ ಅವರ ಕಾರಿನಲ್ಲಿ ಒಂದು ಶಾಲು ಸಿದ್ಧವಿರುತ್ತಿತ್ತು. ಅವರಿಗೆ ಕಂಪನಿಯ ಫ್ಲ್ಯಾಟ್ ಇತ್ತು, ಅದರಲ್ಲಿ ಹೆಂಡತಿಯೂ ಇದ್ದರು. ಒಂದು ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ನಾನು ಮತ್ತು ತಮ್ಮ ಅಲ್ಲಿಗೆ ಹೋದೆವು. ಸಂಘದ ಖಜಾಂಚಿಯೂ ಸೋಫಾದಲ್ಲಿ ಕಾಲು ಚಾಚಿದ್ದ.

"ಎಂತ ಮಾರಾಯಾ, ಇಷ್ಟು ಸಣ್ಣ ವಿಷಯಕ್ಕೆ ತಲೆ ಕೆಡಿಸಿಕೊಳ್ಳುವುದಾ?" ಎಂದರು ಮ್ಯಾನೇಜರು. "ಊರಿಗೆ ಕಳಿಸು."

"ಯಾವ ಊರಿಗೆ ಸಾರ್?" ಎಂದೆ ನಾನು.

"ಯಾವ ಊರು ಅಂದ್ರೆ? ನಿಮ್ಮ ಊರಿಗೆ ಸಿಸ್ಟರ್. ಅಮ್ಮ ಇದ್ದಾರಲ್ಲ, ಬಾಣಂತನ ಮಾಡ್ತಾರೆ. ಹೆಣ್ಣಿಗೆ ಗಂಡನ ಮನೆಯೇ ಊರಲ್ವಾ?"

"ಅವಳ ಪಾಸ್‌ಪೋರ್ಟ್ ಥಾಯ್ಲೆಂಡಿನದ್ದು. ಅದಕ್ಕೆ ಗಂಡನ ಮನೆ ಗೊತ್ತಿಲ್ಲ."

"ಅದೆಲ್ಲ ಆಗ್ತದೆ. ನನ್ನ ಅತ್ತಿಗೆಯನ್ನು ಕಳಿಸ್ಲಿಲ್ವಾ?"

"ನಿಮ್ಮ ಅತ್ತಿಗೆ ಕಾಪುವಿನವರು."

ಖಜಾಂಚಿ ನಕ್ಕ. "ಬ್ಯಾಂಕಾಕಿನವರು ಎಲ್ಲಿ ಬೇಕಾದ್ರೂ ಅಡ್ಜಸ್ಟ್ ಆಗ್ತಾರೆ, ಹೆದರ್ಬೇಡಿ ಸಿಸ್ಟರ್."

"ನಿಮಗೆ ಹೇಗೆ ಗೊತ್ತು? ಹೋಗಿ ಬಂದಿದ್ದೀರಾ?"

ಗೋಳಿಬಜೆಯ ತಟ್ಟೆ ಹಿಡಿದು ಬರುತ್ತಿದ್ದ ಮ್ಯಾನೇಜರ ಹೆಂಡತಿ ಬಾಗಿಲಲ್ಲೇ ನಿಂತು ಖಜಾಂಚಿಯನ್ನು ನೋಡಿದರು. ಅವನು ಕಾಲು ಮಡಚಿ ನೆಟ್ಟಗೆ ಕುಳಿತ. "ಬಿಸಿ ಉಂಟು, ತಿನ್ನಿ ಸಿಸ್ಟರ್," ಎಂದು ಅವರು ತಟ್ಟೆಯನ್ನು ಮೊದಲು ನನ್ನೆದುರಿಗೆ ಇಟ್ಟರು.

ನನ್ನ ತಮ್ಮನ ಹುದ್ದೆ ಸ್ಟೋರ್‌ಕೀಪರ್ ಎಂದು ಬರೆದ ಒಂದು ಕಾಗದ ಟೈಪ್ ಮಾಡಿಸಿ, ಕಫೀಲನ ಸಹಿ ಹಾಕಿಸಿ, ವೀಸಾ ಕಚೇರಿಗೆ ಕಳಿಸಿ ಎಂದೆ. ಅದು ಸುಳ್ಳೂ ಅಲ್ಲ. "ನನ್ನ ಕೈಯಲ್ಲಿ ಎಂತ ಉಂಟು ಸಿಸ್ಟರ್? ಎಲ್ಲ ಕಫೀಲ್ ಹೇಳಿದ ಹಾಗೆ," ಎಂದು ಅವರು ಅಂಗೈ ತಿರುಗಿಸಿ ತೋರಿಸಿದರು.

ಹಾಗಾದರೆ ಕಫೀಲನನ್ನೇ ಕೇಳೋಣ ಎಂದು ಮುಂದಿನ ವಾರ ನಾವು ಸಹಮಿಗೆ ಹೋದೆವು. ಕಫೀಲ್ ವಯಸ್ಸಾದವರು, ಖರ್ಜೂರದ ತೋಟದ ನಡುವೆ ಮನೆ. ಕರಾಚಿಯಲ್ಲಿ ವ್ಯಾಪಾರ ಮಾಡಿದವರಾದ್ದರಿಂದ ನನ್ನ ಹಿಂದಿಗಿಂತ ಅವರದ್ದೇ ಚೆನ್ನಾಗಿತ್ತು. ಅಲ್ಲಿಯ ಕಾಫಿ ಕಹ್ವಾ ಕುಡಿದು ಮುಗಿಯುವವರೆಗೆ ನಮ್ಮ ತಂದೆತಾಯಿ, ಮಳೆ, ಮೀನು ಎಲ್ಲ ವಿಚಾರಿಸಿದರು. ಆಮೇಲೆ ತಮ್ಮ ವಿಷಯ ಹೇಳಿದ.

"ನಿನ್ನ ಹೆಂಡತಿಯಾ?"

"ಹೌದು ಅರಬಾಬ್."

"ಹೆಂಡತಿಯಾದರೆ ಬೇರೆ ಕಡೆ ಯಾಕೆ ಇದ್ದಾಳೆ?"

ಅಷ್ಟು ಜನರಲ್ಲಿ ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ಕಾಗದದಲ್ಲಿ ತಾನು ಇನ್ನೂ ಗಾರೆಕೆಲಸದವ ಎಂದ ತಮ್ಮ. "ಮ್ಯಾನೇಜರ್ ಕಾಗದ ಮಾಡಿ ತರಲಿ. ಸಹಿ ಹಾಕುತ್ತೇನೆ. ಖಲಾಸ್," ಎಂದು ಅವರು ನಮ್ಮ ಕೈಗೆ ಒಂದು ಡಬ್ಬ ಖರ್ಜೂರ ಕೊಟ್ಟು ಕಳಿಸಿದರು.

ಕಾಗದ ಟೈಪ್ ಆಗಲೇ ಇಲ್ಲ. ತಮ್ಮ ಕೇಳಿದಾಗಲೆಲ್ಲ 'ಪ್ರೋಸೆಸ್‌ನಲ್ಲಿ ಉಂಟು' ಎಂಬ ಉತ್ತರ. ನಾನು ರಜೆ ಹಾಕಿ ಘಾಲಾದ ಆಫೀಸಿಗೇ ಹೋದೆ. ನನ್ನನ್ನು ಕಂಡು ಮ್ಯಾನೇಜರು ಬಾಗಿಲು ಮುಚ್ಚಿಸಿದರು.

"ನೋಡಿ ಸಿಸ್ಟರ್, ನೀವು ತಿಳಿದವರು. ಇವನಿಗೊಬ್ಬನಿಗೆ ಮಾಡಿಕೊಟ್ರೆ ನಾಳೆ ಕ್ಯಾಂಪಿನವರೆಲ್ಲ ಬಂದು ನಿಲ್ತಾರೆ."

"ನಿಲ್ಲಲಿ. ಅವರಿಗೂ ಹೆಂಡತಿಯರಿದ್ದಾರೆ."

"ಹಾಗಲ್ಲ. ಫ್ಯಾಮಿಲಿ ಸ್ಟೇಟಸ್ ಅಂದ್ರೆ ಅದು ಒಂದು ಸ್ಟೇಟಸ್ ಅಲ್ವಾ? ನಾವು ಎಷ್ಟು ವರ್ಷ ಕಷ್ಟಪಟ್ಟು ತೆಗೊಂಡದ್ದು. ಸ್ಟೋರಿನವರೂ ಕುಟುಂಬ ಇಟ್ಟುಕೊಂಡ್ರೆ ಮತ್ತೆ ನಮಗೂ ಅವರಿಗೂ ಎಂತ ವ್ಯತ್ಯಾಸ?"

ನಾನು ಸಾಕಷ್ಟು ಕೆಟ್ಟ ಗಾಯಗಳನ್ನು ಬಿಚ್ಚಿ ನೋಡಿದವಳು. ಅಷ್ಟು ವಾಸನೆ ಬರುವ ಮಾತನ್ನು ಅಷ್ಟು ಗರಿಗರಿ ಇಸ್ತ್ರಿಯ ಅಂಗಿಯೊಳಗಿನಿಂದ ಕೇಳಿದ್ದು ಅದೇ ಮೊದಲು. ತನ್ನ ಹೆಂಡತಿ ಆ ಮನುಷ್ಯನಿಗೆ ಹೆಂಡತಿಯಾಗಿರಲಿಲ್ಲ, ಎ.ಸಿ. ಮತ್ತು ಕಾರಿನ ಹಾಗೆ ಮ್ಯಾನೇಜರಿಗೆ ಸಿಗುವ ಒಂದು ಸೌಲಭ್ಯವಾಗಿದ್ದರು. ಇದನ್ನು ನಾನು ಅವರ ಮುಖಕ್ಕೇ ಹೇಳಿದೆ. "ನಿಮಗೆ ಮದುವೆ ಆಗಿಲ್ಲ ಸಿಸ್ಟರ್, ಅರ್ಥ ಆಗ್ಲಿಕ್ಕಿಲ್ಲ," ಎಂದರು.

ಅವಳ ವೀಸಾ ಮುಗಿಯುತ್ತ ಬಂತು. ತಮ್ಮ ಕೊನೆಗೆ ಮ್ಯಾನೇಜರ ಔಷಧವನ್ನೇ ನುಂಗಿದ. ಅವಳಿಗೆ ಭಾರತದ ಟೂರಿಸ್ಟ್ ವೀಸಾ ಮಾಡಿಸಿದ. ನನ್ನ ವಾರ್ಷಿಕ ರಜೆ ಬಂದಿತ್ತು. ನಾನೇ ಜತೆಯಲ್ಲಿ ಕರೆದುಕೊಂಡು ಹೋದೆ. ಅಮ್ಮನಿಗೂ ಅವಳಿಗೂ ಒಂದೇ ಒಂದು ಮಾತೂ ಪರಸ್ಪರ ತಿಳಿಯದೆ ಬಹಳ ಹೊಂದಾಣಿಕೆಯಾಯಿತು. ಮೀನು ಹೆಚ್ಚುವುದರಲ್ಲಿ ಇಬ್ಬರಿಗೂ ಪೈಪೋಟಿ. ಆದರೆ ಟೂರಿಸ್ಟ್ ವೀಸಾ ಹೆರಿಗೆಯವರೆಗೆ ಬಾಳುವಷ್ಟು ಉದ್ದವಿರಲಿಲ್ಲ. ವಿಸ್ತರಣೆ ಕೇಳಲು ವಿದೇಶಿಯರ ವಿಷಯ ನೋಡುವ ಪೊಲೀಸ್ ಕಚೇರಿಗೆ ಹೋದೆವು. ಮೇಜಿನ ಹಿಂದಿದ್ದ ಅಧಿಕಾರಿ ಅವಳ ಹೊಟ್ಟೆ ನೋಡಿದ, ಪಾಸ್‌ಪೋರ್ಟ್ ನೋಡಿದ, ಮತ್ತೆ ಹೊಟ್ಟೆ ನೋಡಿದ.

"ಭಾರತೀಯನ ಹೆಂಡತಿ ಅಂದ್ರೆ ಗಂಡನ ಜತೆ ವಾಸ ಅಂತ ತೋರಿಸ್ಬೇಕು. ಗಂಡ ಎಲ್ಲಿ?"

"ಒಮಾನಿನಲ್ಲಿ."

"ಹಾಗಾದ್ರೆ ಒಮಾನಿಗೆ ಕಳಿಸಿ."

"ಅಲ್ಲಿಯವರು ಊರಿಗೆ ಕಳಿಸಿ ಅಂದ್ರು."

"ಇದು ಇವರ ಊರಲ್ಲವಲ್ಲಮ್ಮಾ," ಎಂದು ಅವನು ತುಂಬ ತಾಳ್ಮೆಯಿಂದ, ಪೆದ್ದರಿಗೆ ಹೇಳುವ ಹಾಗೆ ಹೇಳಿದ. ಅವನನ್ನು ಬೈಯಲು ನನಗೆ ಮನಸ್ಸಿತ್ತು. ಆದರೆ ಆ ಒಂದು ಮಾತಿನ ಮಟ್ಟಿಗೆ ಅವನು ನಮ್ಮ ಸಂಘದ ಅಧ್ಯಕ್ಷರಿಗಿಂತ ಬುದ್ಧಿವಂತನಾಗಿದ್ದ.

ಏಳನೆಯ ತಿಂಗಳು ದಾಟಿದರೆ ವಿಮಾನದವರು ಹತ್ತಿಸಿಕೊಳ್ಳಲು ತಕರಾರು ಮಾಡುತ್ತಾರೆಂದು ನನಗೆ ಗೊತ್ತಿತ್ತು. ಅದಕ್ಕೆ ಮುಂಚೆಯೇ ಅವಳನ್ನು ಬೊಂಬಾಯಿಯಿಂದ ಅವಳ ತಾಯಿಯ ಊರಿಗೆ ಕಳಿಸಿದೆ. ಅಮ್ಮ ಒಣ ಸಿಗಡಿ ಕಟ್ಟಿಕೊಟ್ಟರು. ಅಲ್ಲಿ ಹೆಣ್ಣುಮಗು ಹುಟ್ಟಿತು. ತಮ್ಮನಿಗೆ ರಜೆ ಸಿಕ್ಕಿದಾಗ ಮಗು ಆಗಲೇ ಮಗ್ಗುಲಾಗುತ್ತಿತ್ತು. ಅವನು ಟೂರಿಸ್ಟನಾಗಿ ಹೋಗಿ, ಮಗಳನ್ನು ಎತ್ತಿಕೊಂಡು, ಒಂದು ಫೋಟೋದೊಂದಿಗೆ ಕ್ಯಾಂಪಿಗೆ ಮರಳಿದ.

"ನೋಡಿ ಸಿಸ್ಟರ್," ಎಂದರು ಮ್ಯಾನೇಜರು, ಅವನು ಮರಳಿದ ವಾರದ ಶುಕ್ರವಾರ, "ಸುಮ್ಮನೆ ಹೆದರಿದ್ದು ನೀವು. ಈಗ ಎಲ್ಲ ಸೆಟ್ಲ್ ಆಯ್ತಲ್ಲ?"

ಚಳಿಗಾಲದ ಒಂದು ಶುಕ್ರವಾರ ಸಂಘದ ಕ್ರೀಡಾಕೂಟ. ಪ್ರತಿವರ್ಷದ ಮುಖ್ಯ ಆಕರ್ಷಣೆ ಹಗ್ಗಜಗ್ಗಾಟ: ಬ್ಯಾಚುಲರ್ಸ್ ಒಂದು ಕಡೆ, ಫ್ಯಾಮಿಲಿಯವರು ಇನ್ನೊಂದು ಕಡೆ. ಗೆಲ್ಲುವವರು ಯಾವಾಗಲೂ ಬ್ಯಾಚುಲರ್ಸ್. ಗೆದ್ದವರಿಗೆ ಒಂದು ಪೆಟ್ಟಿಗೆ ತಂಪು ಪಾನೀಯ. ಸೋತವರು ಹೆಂಡತಿ ಮಕ್ಕಳ ಜತೆ ಕಾರಿನಲ್ಲಿ ಮನೆಗೆ ಹೋಗುವರು. ಇದರಲ್ಲಿ ನಗುವುದಕ್ಕೇನಿದೆ ಎಂದು ನನಗೆ ಎಂದೂ ತಿಳಿದಿಲ್ಲ, ಆದರೆ ಮೈದಾನ ತುಂಬ ನಗುತ್ತಿದ್ದರು. ಮೈಕ್ ಅಧ್ಯಕ್ಷರ ಕೈಯಲ್ಲಿತ್ತು.

"ಯಲ್ಲಾ, ಬ್ಯಾಚುಲರ್ಸ್ ಈ ಕಡೆ ಬನ್ನಿ! ಏ ಸ್ಟೋರ್‌ಕೀಪರ್, ಎಲ್ಲಿಗೆ ಹೋಗ್ತೀ? ನಿನ್ನ ಜಾಗ ಇಲ್ಲಿ!"

ತಮ್ಮ ಫ್ಯಾಮಿಲಿಯವರ ಸಾಲಿನ ಕೊನೆಗೆ ಹೋಗಿ ಹಗ್ಗ ಹಿಡಿದಿದ್ದ. ಮೊದಲು ಎಲ್ಲರೂ ತಮಾಷೆ ಎಂದುಕೊಂಡರು. "ಫ್ಯಾಮಿಲಿ ಎಲ್ಲಿ ಉಂಟು? ತೋರಿಸು ನೋಡುವ!" ಎಂದು ಖಜಾಂಚಿ ಕೂಗಿದ. ಅಧ್ಯಕ್ಷರು ಮೈಕಿನಲ್ಲಿ, "ನಿಯಮ ಅಂದ್ರೆ ನಿಯಮ ಮಾರಾಯಾ, ಫ್ಯಾಮಿಲಿ ವೀಸಾ ಇದ್ದವರು ಮಾತ್ರ ಆ ಕಡೆ," ಎಂದರು. ಮತ್ತೆ ನಗು. ತಮ್ಮ ಹಗ್ಗವನ್ನು ನೆಲಕ್ಕೆ ಎಸೆಯಲಿಲ್ಲ, ಮುಂದಿದ್ದವನಿಗೆ ಹೇಳಿ ಮೆಲ್ಲಗೆ ಬಿಟ್ಟ. ನನ್ನ ಬಳಿ ಬಂದು, "ಹೋಗುವ ಅಕ್ಕ," ಎಂದ.

ಶನಿವಾರ ಬೆಳಿಗ್ಗೆ ಅವನು ವೀಸಾ ಕ್ಯಾನ್ಸಲ್ ಮಾಡಿ ಕೊಡಿ ಎಂದು ಕೇಳಿದ. ಮ್ಯಾನೇಜರು ನನಗೆ ಆಸ್ಪತ್ರೆಗೆ ಫೋನ್ ಮಾಡಿದರು.

"ಬುದ್ಧಿ ಹೇಳಿ ಸಿಸ್ಟರ್! ಗಲ್ಫ್ ಬಿಟ್ಟು ಹೆಂಡತಿಯ ಹಿಂದೆ ಹೋಗುವುದಾ? ಅಲ್ಲಿ ಇವನಿಗೆ ಕೆಲಸ ಕೊಡ್ತಾರಾ? ಇರ್ಲಿಕ್ಕೆ ಬಿಡ್ತಾರಾ? ಬೇಕಾದ್ರೆ ಆ ಕಾಗದ ಈಗ ಟೈಪ್ ಮಾಡಿಸುವ."

"ರೌಂಡ್ಸ್ ಸಮಯ ಸಾರ್," ಎಂದು ನಾನು ಫೋನ್ ಇಟ್ಟೆ. ಕಾಗದದ ವಿಷಯ ತಮ್ಮನಿಗೆ ತಿಳಿಸಿದೆ. ಅವನು ಕೇಳಿ, ಬೇಡ ಎಂದ. ಆ ಮನುಷ್ಯ ಕೊಟ್ಟದ್ದನ್ನು ಆ ಮನುಷ್ಯ ಕಿತ್ತುಕೊಳ್ಳಬಹುದು ಎಂದ. ನನ್ನ ತಮ್ಮ ಅಷ್ಟು ಸರಿಯಾಗಿ ಯೋಚಿಸಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮ್ಯಾನೇಜರು ಹೇಳಿದ್ದರಲ್ಲಿ ಒಂದು ಮಾತು ಮಾತ್ರ ನಿಜವಾಗಿತ್ತು. ಆ ದೇಶದಲ್ಲೂ ಅಳಿಯನ ಮರ್ಯಾದೆಯೇನೂ ಕಾದಿರಲಿಲ್ಲ. ಥಾಯ್ ಹೆಂಗಸನ್ನು ಮದುವೆಯಾದ ಪರದೇಶಿ ಎಂದರೆ ಮತ್ತೆ ಅದೇ ಟೂರಿಸ್ಟ್. ಅವಧಿ ಮುಗಿಯುತ್ತಲೇ ಗಡಿ ದಾಟಿ ಮಲೇಷ್ಯಾದಲ್ಲಿ ಒಂದು ಚಹಾ ಕುಡಿದು ಮರಳಿ ಬರಬೇಕು; ಬಾಗಿಲಲ್ಲಿದ್ದವನ ಮನಸ್ಸು ಒಳ್ಳೆಯದಿದ್ದರೆ ಒಳಗೆ. ಮಸ್ಕತ್ತಿನ ಸೀಬ್ ವಿಮಾನ ನಿಲ್ದಾಣದಲ್ಲಿ ನಾನು ಅವನ ಪಾಸ್‌ಪೋರ್ಟ್ ತೆರೆದು ಟೂರಿಸ್ಟ್ ವೀಸಾ ನೋಡಿದೆ.

"ಇದು ಮುಗಿದ ಮೇಲೆ?"

"ಮತ್ತೆ ಕೇಳ್ತೇನೆ ಅಕ್ಕ."

"ಕೊಡದಿದ್ರೆ?"

"ಅಲ್ಲೇ ನಿಂತು ಕೇಳ್ತೇನೆ. ಇಲ್ಲಿ ಕೂತು ಕೇಳುವುದಕ್ಕಿಂತ ಹತ್ತಿರ ಅಲ್ವಾ?"

ತೊಂಬತ್ತರ ದಶಕವಿಡೀ ಅವನು ಹಾಗೆ ಗಡಿಗೆ ಹೋಗಿ ಬಂದ. ಒಂದು ಸಲ ಒಳಗೆ ಬಿಡದೆ ವಾರಗಟ್ಟಲೆ ಆಚೆ ಕೂರಿಸಿದರು. ಹೆಂಡತಿ ಮಗಳನ್ನು ಕರೆದುಕೊಂಡು ತಾನೇ ಗಡಿ ದಾಟಿ ಬಂದು ಜತೆಗಿದ್ದಳು. ಈಗ ಅವನ ಅತ್ತೆಯ ಹೆಸರಿನಲ್ಲಿ ಒಂದು ಲಾಂಡ್ರಿ ಇದೆ. ಅವನಿಗೆ ಕೆಲಸದ ಪರವಾನಗಿಯಿಲ್ಲ; ಕಾನೂನಿನ ಪ್ರಕಾರ ಅವನು ಅಲ್ಲಿ ಸುಮ್ಮನೆ ಕುಳಿತಿರುತ್ತಾನೆ.

ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಇಗರ್ಜಿಯ ಅಂಗಳದಲ್ಲಿ ನನಗೆ ಹಳೆಯ ಬ್ಯಾಚುಲರ್‌ಗಳು ಸಿಗುತ್ತಾರೆ. ಅವರೂ ನಿವೃತ್ತರು. ಹೆಂಡತಿಯ ಪಕ್ಕದಲ್ಲಿ, ಬಸ್ಸಿನಲ್ಲಿ ಸೀಟು ಹಂಚಿಕೊಂಡ ಅಪರಿಚಿತರ ಹಾಗೆ ನಿಂತಿರುತ್ತಾರೆ. ತಮ್ಮ ಈಗ ಎಂತ ಮಾಡುತ್ತಾನೆ ಎಂದು ತಪ್ಪದೆ ವಿಚಾರಿಸುತ್ತಾರೆ.

"ಹೆಂಡತಿಯ ಜತೆ ಇದ್ದಾನೆ," ಎನ್ನುತ್ತೇನೆ.

"ಅದು ಸರಿ ಸಿಸ್ಟರ್, ಆದ್ರೆ ಎಂತ ಮಾಡಿಕೊಂಡಿದ್ದಾನೆ?"